ಐದು ಗಣಿತ ಲೈಬ್ರರಿಗಳನ್ನು ಒಂದು ಸ್ಟ್ಯಾಂಡರ್ಡ್‌ಗೆ ತರುವುದು ಹೇಗೆ?

ಪ್ರಶ್ನೆ: ನಾವು ಕೆಲವರು ಸೇರಿ ಬೆಳೆಸುತ್ತಿರುವ ಓಪನ್ ಸೋರ್ಸ್ ಪ್ರೋಗ್ರಾಮಿಂಗ್ ಭಾಷೆಗೆ ಈಗ ಐದು ಗಣಿತ ಲೈಬ್ರರಿಗಳಿವೆ. ಪ್ರತಿಯೊಂದಕ್ಕೂ ತನ್ನದೇ ಕಾಂಪ್ಲೆಕ್ಸ್ ಟೈಪು, ತನ್ನದೇ ಮ್ಯಾಟ್ರಿಕ್ಸ್. ಒಂದರಲ್ಲಿ ಬಂದದ್ದನ್ನು ಇನ್ನೊಂದಕ್ಕೆ ಕೊಡಬೇಕಾದರೆ ಲೂಪ್ ಹಾಕಿ ಕಾಪಿ ಮಾಡಬೇಕು. ಲಿನಕ್ಸ್‌ನಲ್ಲಿ ಬಂದ ಉತ್ತರಕ್ಕೂ ವಿಂಡೋಸ್‌ನಲ್ಲಿ ಬಂದ ಉತ್ತರಕ್ಕೂ ಕೊನೆಯ ಅಂಕಿ ಬೇರೆ. ಎಲ್ಲವನ್ನೂ ಒಂದು ಸ್ಟ್ಯಾಂಡರ್ಡ್ ಲೈಬ್ರರಿಗೆ ತರಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು? ಎಲ್ಲ ಯಂತ್ರಗಳಲ್ಲೂ ಒಂದೇ ಉತ್ತರ ಬರಲೇಬೇಕೆಂದು ನಿಯಮ ಮಾಡಬಹುದೇ?

ಉತ್ತರ: ಐದರಲ್ಲಿ ಚೆನ್ನಾಗಿರುವ ಒಂದನ್ನು ಆರಿಸಿ ಅದಕ್ಕೆ ಸ್ಟ್ಯಾಂಡರ್ಡ್ ಎಂಬ ಮುದ್ರೆ ಒತ್ತಿಬಿಡೋಣ ಎಂದು ಯಾರಿಗಾದರೂ ಮೊದಲು ಅನ್ನಿಸುತ್ತದೆ. ಎಡವುವುದೂ ಅಲ್ಲೇ. ಸ್ಟ್ಯಾಂಡರ್ಡ್ ಲೈಬ್ರರಿಗೆ ಒಮ್ಮೆ ಸೇರಿದ ಕೋಡನ್ನು ಮತ್ತೆ ತೆಗೆಯಲು ಬರುವುದಿಲ್ಲ. ಅದರ ತಪ್ಪುಗಳನ್ನೇ ನೆಚ್ಚಿಕೊಂಡು ಯಾರೋ ಪ್ರೋಗ್ರಾಂ ಬರೆದಿರುತ್ತಾರೆ. ಹಾಗಾಗಿ ಕೋಡನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಗಟ್ಟಿಯಾಗಬೇಕಾದದ್ದು ಕರಾರು: ಫಂಕ್ಷನ್ನಿನ ಹೆಸರೇನು, ಏನು ಕೊಟ್ಟರೆ ಏನು ಬರಬೇಕು, ಉತ್ತರದಲ್ಲಿ ಎಷ್ಟು ದೋಷವಿದ್ದರೆ ಒಪ್ಪಬಹುದು, ವಿಚಿತ್ರ ಇನ್‌ಪುಟ್ ಬಂದಾಗ ಏನಾಗಬೇಕು. ಈ ನಾಲ್ಕೂ ಬರಹಕ್ಕೆ ಇಳಿದರೆ ನಿಮ್ಮ ಐದು ಲೈಬ್ರರಿಗಳಲ್ಲಿ ಯಾವುದನ್ನೂ ಕೊಲ್ಲಬೇಕಾಗಿಲ್ಲ. ಒಂದೇ ಕರಾರನ್ನು ಐದು ಬಗೆಯಲ್ಲಿ ಪೂರೈಸುವ ಲೈಬ್ರರಿಗಳಾಗಿ ಅವು ಉಳಿಯುತ್ತವೆ.

ಈ ದಾರಿಯಲ್ಲಿ ಗೆದ್ದದ್ದು ಬ್ಲಾಸ್, ಅಂದರೆ ವೆಕ್ಟರ್, ಮ್ಯಾಟ್ರಿಕ್ಸ್ ಲೆಕ್ಕಗಳ ಮೂಲ ಫಂಕ್ಷನ್‌ಗಳ ಸ್ಟ್ಯಾಂಡರ್ಡ್. ವೆಕ್ಟರ್ ಮಟ್ಟದ ಕೆಲಸಗಳ ಪಟ್ಟಿ 1979ರಲ್ಲಿ ಬಂತು, ಮ್ಯಾಟ್ರಿಕ್ಸ್ ಮತ್ತು ವೆಕ್ಟರ್ ಗುಣಾಕಾರದ್ದು 1988ರಲ್ಲಿ, ಮ್ಯಾಟ್ರಿಕ್ಸ್‌ಗೆ ಮ್ಯಾಟ್ರಿಕ್ಸ್ ಗುಣಿಸುವುದು 1990ರಲ್ಲಿ. ಪ್ರಕಟವಾದದ್ದು ಹೆಸರುಗಳು, ಆರ್ಗ್ಯುಮೆಂಟ್‌ಗಳ ಕ್ರಮ, ಜೊತೆಗೆ ನಿಧಾನವಾದರೂ ಸರಿಯಾದ ಒಂದು ಮಾದರಿ ಕೋಡ್. ವೇಗದ ಚಿಂತೆಯನ್ನು ಚಿಪ್ ತಯಾರಕರಿಗೆ ಬಿಟ್ಟರು. ಯಂತ್ರಗಳು ಎಷ್ಟೋ ಸಲ ಬದಲಾದರೂ ಮ್ಯಾಟ್ರಿಕ್ಸ್ ಗುಣಿಸುವ ಡಿಜೆಮ್ ಫಂಕ್ಷನ್ನಿನ 13 ಆರ್ಗ್ಯುಮೆಂಟ್‌ಗಳು ಬದಲಾಗಿಲ್ಲ.

ಆ ಕರಾರಿನ ಒಂದು ಸಾಲನ್ನು ಹತ್ತಿರದಿಂದ ನೋಡಿ. ಡಿಜೆಮ್ ಮಾಡುವುದು ಸಿ = ಆಲ್ಫಾ·ಎ·ಬಿ + ಬೀಟಾ·ಸಿ. ಬೀಟಾ ಸೊನ್ನೆಯಾಗಿದ್ದರೆ ಸಿ ಒಳಗೆ ಮೊದಲೇ ಏನನ್ನೂ ತುಂಬಿರಬೇಕಾಗಿಲ್ಲ ಎಂದು ಅಲ್ಲಿ ಬರೆದಿದೆ. ಈ ಸಾಲನ್ನು ಓದದೆ ಬರೆದವರು ಸೊನ್ನೆಯಿಂದ ಗುಣಿಸಿಯೇ ಬಿಡುತ್ತಾರೆ. ಹೊಸದಾಗಿ ಪಡೆದ ಮೆಮೊರಿಯಲ್ಲಿ ಕಸವಾಗಿ ಒಂದು ನ್ಯಾನ್ (ಸಂಖ್ಯೆಯೇ ಅಲ್ಲ ಎಂದು ಹೇಳುವ ವಿಶೇಷ ಬೆಲೆ) ಬಿದ್ದಿದ್ದರೆ, ಸೊನ್ನೆ ಗುಣಿಸು ನ್ಯಾನ್ ಕೂಡ ನ್ಯಾನ್ ಆಗುವುದರಿಂದ, ಉತ್ತರ ಕೆಡುತ್ತದೆ. ಅದೂ ಪ್ರತಿ ಸಲವಲ್ಲ, ಮೆಮೊರಿಯಲ್ಲಿ ಅಂಥ ಕಸ ಇದ್ದಾಗ ಮಾತ್ರ. ಟೆಸ್ಟಿನಲ್ಲಿ ಸಿಗದೆ ಬಳಕೆದಾರರ ಕೈಯಲ್ಲಿ ಸಿಡಿಯುವ ಬಗ್ ಇಂಥದ್ದೇ. ಬ್ಲಾಸ್‌ನಿಂದ ಕಲಿಯಬೇಕಾದ ತಪ್ಪೂ ಒಂದಿದೆ: ಉದ್ದಗಳಿಗೆ 32 ಬಿಟ್ ಪೂರ್ಣಾಂಕ ಬಳಸಿದ್ದು. 46,341 ಸಾಲು, ಅಷ್ಟೇ ಕಂಬಗಳ ಮ್ಯಾಟ್ರಿಕ್ಸ್ ಆದರೆ ಒಟ್ಟು ಅಂಶಗಳ ಎಣಿಕೆ 2,14,74,83,647ರ ಮಿತಿಯನ್ನು ದಾಟುತ್ತದೆ. ಆಮೇಲೆ 64 ಬಿಟ್ ಆವೃತ್ತಿ ಬಂತು, ಹಲವು ಕಡೆ ಹೆಸರು ಮಾತ್ರ ಹಳೆಯದೇ ಉಳಿಯಿತು. ಎರಡೂ ಒಂದೇ ಪ್ರೋಗ್ರಾಮಿಗೆ ಲಿಂಕ್ ಆದರೆ ಯಾವುದು ಯಾವುದನ್ನು ಕರೆಯಿತು ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ. ನೀವು ಉದ್ದ, ಸೂಚ್ಯಂಕ, ಹೆಜ್ಜೆ ಎಲ್ಲವನ್ನೂ ಮೊದಲ ದಿನದಿಂದಲೇ 64 ಬಿಟ್ ಮಾಡಿ.

ಮೊದಲು ಟೈಪುಗಳು, ಫಂಕ್ಷನ್‌ಗಳು ಆಮೇಲೆ

ಸೈನ್, ಕಾಸ್ ಹಂಚಿಹೋಗಿರುವುದರಿಂದ ನಿಮಗೆ ಅಷ್ಟೇನೂ ನಷ್ಟವಿಲ್ಲ. ಫ್ಲೋಟ್ ಕೊಟ್ಟು ಫ್ಲೋಟ್ ಪಡೆಯುವ ಫಂಕ್ಷನ್ ಯಾವ ಲೈಬ್ರರಿಯದಾದರೂ ಒಂದರ ಜೊತೆ ಇನ್ನೊಂದು ಹೊಂದುತ್ತದೆ. ನೋವು ಇರುವುದು ಐದು ಕಾಂಪ್ಲೆಕ್ಸ್ ಟೈಪು, ಐದು ಮ್ಯಾಟ್ರಿಕ್ಸ್‌ಗಳಲ್ಲಿ. ಲೈಬ್ರರಿಗಳು ಪರಸ್ಪರ ಮಾತಾಡಲು ಬೇಕಾದ ಟೈಪುಗಳು ಎರಡೇ. ಅವನ್ನು ಮೊದಲು ಇಳಿಸಿ.

ಒಂದು, ಕಾಂಪ್ಲೆಕ್ಸ್. ಮೆಮೊರಿಯಲ್ಲಿ ಮೊದಲು ರಿಯಲ್ ಭಾಗ, ಅದಕ್ಕೆ ಅಂಟಿಕೊಂಡಂತೆ ಇಮ್ಯಾಜಿನರಿ ಭಾಗ, ನಡುವೆ ಜಾಗವಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಫೋರ್ಟ್ರಾನ್‌ನಲ್ಲಿ ಇರುವುದೂ ಹೀಗೇ. ಸಿ++ ಕೂಡ 2011ರ ಆವೃತ್ತಿಯಲ್ಲಿ ಇದನ್ನೇ ಖಾತರಿ ಮಾಡಿತು. ಆಗ ಕಾಪಿ ಇಲ್ಲದೆ ನೇರವಾಗಿ ಬ್ಲಾಸ್‌ಗೆ ಕೊಡಬಹುದು.

ಎರಡು, ಅರೇಯ ನೋಟ. ಗಮನಿಸಿ, ಮ್ಯಾಟ್ರಿಕ್ಸ್ ಕ್ಲಾಸ್ ಬೇಡ. ಮೆಮೊರಿಯ ಒಡೆಯ ಯಾರೇ ಇರಲಿ, ಅದನ್ನು ಹೇಗೆ ಓದಬೇಕು ಎಂದು ಹೇಳುವ ಒಂದು ಚಿಕ್ಕ ವಿವರಣೆ ಸಾಕು: ಶುರುವಿನ ವಿಳಾಸ, ಅಂಶದ ಟೈಪು, ಎಷ್ಟು ಆಯಾಮ, ಪ್ರತಿ ಆಯಾಮದ ಉದ್ದ, ಪ್ರತಿ ಆಯಾಮದಲ್ಲಿ ಮುಂದಿನ ಅಂಶಕ್ಕೆ ಹೋಗಲು ಎಷ್ಟು ಹೆಜ್ಜೆ. ಈ ಹೆಜ್ಜೆ ಇದ್ದರೆ ಸಾಲುಕ್ರಮ, ಕಂಬಕ್ರಮ ಎಂಬ ಜಗಳವೇ ಇಲ್ಲ; ಮ್ಯಾಟ್ರಿಕ್ಸ್ ಅಡ್ಡ ತಿರುಗಿಸುವುದೆಂದರೆ ಎರಡು ಉದ್ದ, ಎರಡು ಹೆಜ್ಜೆ ಅದಲುಬದಲು ಮಾಡುವುದು, ಅಷ್ಟೇ. 1000 ಸಾಲು 1000 ಕಂಬದ ಡಬಲ್ (64 ಬಿಟ್ ಫ್ಲೋಟ್) ಮ್ಯಾಟ್ರಿಕ್ಸ್ ಎಂದರೆ 80 ಲಕ್ಷ ಬೈಟ್. ಗಡಿ ದಾಟುವಾಗಲೆಲ್ಲ ಅದನ್ನು ಕಾಪಿ ಮಾಡುವುದು ತಪ್ಪುತ್ತದೆ.

ಹೆಜ್ಜೆಯನ್ನು ಬೈಟ್‌ಗಳಲ್ಲಿ ಎಣಿಸಬೇಕೋ ಅಂಶಗಳಲ್ಲಿ ಎಣಿಸಬೇಕೋ ಎಂಬುದನ್ನು ಮರೆಯದೆ ಬರೆಯಿರಿ. ಪೈಥಾನ್‌ನ ಬಫರ್ ಪ್ರೋಟೋಕಾಲ್ ಬೈಟ್‌ಗಳಲ್ಲಿ ಎಣಿಸುತ್ತದೆ, ಲೈಬ್ರರಿಗಳ ನಡುವೆ ಅರೇ ಹಂಚಿಕೊಳ್ಳಲು ಬಳಸುವ ಡಿಎಲ್‌ಪ್ಯಾಕ್ ಅಂಶಗಳಲ್ಲಿ. ಒಂದನ್ನು ಇನ್ನೊಂದೆಂದು ತಿಳಿದರೆ ಡಬಲ್‌ನಲ್ಲಿ ಎಂಟು ಪಟ್ಟು ಆಚೆಗೆ ಕೈ ಹಾಕಿದಂತೆ. ಅದೃಷ್ಟವಿದ್ದರೆ ಪ್ರೋಗ್ರಾಂ ಬೀಳುತ್ತದೆ. ಇಲ್ಲದಿದ್ದರೆ ಬೇರೆ ಯಾರದೋ ಸಂಖ್ಯೆಗಳನ್ನು ಓದಿ ಉತ್ತರ ಕೊಡುತ್ತದೆ.

ಪೈಥಾನ್ ಜಗತ್ತು ಈ ಪಾಠವನ್ನು ಎರಡು ಸಲ ಕಲಿಯಿತು. ನ್ಯೂಮೆರಿಕ್, ನಮ್‌ಅರೇ ಎಂಬ ಎರಡು ಅರೇ ಲೈಬ್ರರಿಗಳಾಗಿದ್ದ ಬಳಗ 2006ರ ನಂಪೈ 1.0ರಲ್ಲಿ ಒಂದಾಯಿತು. ಆಮೇಲೆ ಡೀಪ್ ಲರ್ನಿಂಗ್ ಲೈಬ್ರರಿಗಳು ಬಂದು ಮತ್ತೆ ಹಲವಾಯಿತು. ಎರಡನೇ ಸಲ ಯಾರೂ ಒಂದೇ ಲೈಬ್ರರಿ ಮಾಡಹೊರಡಲಿಲ್ಲ. ಎಲ್ಲದರಲ್ಲೂ ಸಮಾನವಾಗಿರುವ ಫಂಕ್ಷನ್‌ಗಳನ್ನು ಹುಡುಕಿ, ಅವಕ್ಕೆ ಒಂದೇ ಅರ್ಥ ಕಟ್ಟಿದ ಅರೇ ಎಪಿಐ ಸ್ಟ್ಯಾಂಡರ್ಡ್ ಮಾಡಿದರು. ಅದರ ಮೊದಲ ಆವೃತ್ತಿ 2021ರದು. 2024ರ ನಂಪೈ 2.0 ಅದಕ್ಕೆ ಹೊಂದಿಕೊಂಡಿತು. ನಿಮ್ಮದು ಇದೇ ಪರಿಸ್ಥಿತಿ. ಐದೂ ಲೈಬ್ರರಿಗಳ ಫಂಕ್ಷನ್‌ಗಳನ್ನು ಒಂದು ಸ್ಪ್ರೆಡ್‌ಶೀಟ್‌ಗೆ ಹಾಕಿ, ಸಾಲಿಗೊಂದು ಫಂಕ್ಷನ್, ಕಂಬಕ್ಕೊಂದು ಲೈಬ್ರರಿ. ಮೂರಕ್ಕಿಂತ ಕಡಿಮೆ ಕಂಬ ತುಂಬಿದ ಸಾಲನ್ನು ಮೊದಲ ಆವೃತ್ತಿಯಿಂದ ಬಿಡಿ.

ನಕ್ಷತ್ರ ಚಿಹ್ನೆಯ ಗುಣಾಕಾರ ಅಂಶಕ್ಕೆ ಅಂಶವೋ ಮ್ಯಾಟ್ರಿಕ್ಸ್ ಗುಣಾಕಾರವೋ ಎಂಬುದನ್ನೂ ಈಗಲೇ ತೀರ್ಮಾನಿಸಿ. ನಂಪೈಯಲ್ಲಿ ಒಂದು ಟೈಪಿಗೆ ಒಂದರ್ಥ, ಇನ್ನೊಂದಕ್ಕೆ ಇನ್ನೊಂದರ್ಥ ಇತ್ತು. ಚೌಕ ಮ್ಯಾಟ್ರಿಕ್ಸ್ ಆದರೆ ಎರಡೂ ಎರರ್ ಇಲ್ಲದೆ ನಡೆದು ಬೇರೆ ಬೇರೆ ಉತ್ತರ ಬರುತ್ತದೆ, ಅದೇ ಅಪಾಯ. ಕೊನೆಗೆ 2015ರ ಪೈಥಾನ್ 3.5ರಲ್ಲಿ ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಬೇರೆಯೇ ಚಿಹ್ನೆ ಕೊಟ್ಟರು.

ಅಂಚಿನ ಬೆಲೆಗಳು

ಇನ್ನು ಫಂಕ್ಷನ್‌ಗಳು. ಸಾಮಾನ್ಯ ಇನ್‌ಪುಟ್‌ಗೆ ಎಲ್ಲ ಲೈಬ್ರರಿಗಳೂ ಸರಿಯಾಗಿಯೇ ಉತ್ತರಿಸುತ್ತವೆ. ಜಗಳ ಇರುವುದು ಅಂಚಿನಲ್ಲಿ, ಮತ್ತು ಅಲ್ಲಿ ದೊಡ್ಡ ಭಾಷೆಗಳಲ್ಲೂ ಒಮ್ಮತವಿಲ್ಲ.

−7ನ್ನು 3ರಿಂದ ಭಾಗಿಸಿದರೆ ಶೇಷ ಎಷ್ಟು? ಸಿ, ಜಾವಾದಲ್ಲಿ −1, ಪೈಥಾನ್‌ನಲ್ಲಿ 2. 2.5ನ್ನು ರೌಂಡ್ ಮಾಡಿದರೆ ಸಿಯಲ್ಲಿ 3, ಪೈಥಾನ್ 3ರಲ್ಲಿ 2, ಏಕೆಂದರೆ ಅದು ಸರಿಸಂಖ್ಯೆಯ ಕಡೆ ವಾಲುತ್ತದೆ. −2.5 ಆದರೆ ಸಿಯಲ್ಲಿ −3, ಜಾವಾಸ್ಕ್ರಿಪ್ಟ್‌ನಲ್ಲಿ −2. 1ರ ಘಾತ ನ್ಯಾನ್ ಎಂದರೆ ಸಿ, ಪೈಥಾನ್ 1 ಎನ್ನುತ್ತವೆ. ಜಾವಾ, ಜಾವಾಸ್ಕ್ರಿಪ್ಟ್ ನ್ಯಾನ್ ಎನ್ನುತ್ತವೆ. 5 ಮತ್ತು ನ್ಯಾನ್‌ನಲ್ಲಿ ಚಿಕ್ಕದು ಯಾವುದು ಎಂದರೆ ಸಿಯ ಎಫ್‌ಮಿನ್ 5 ಕೊಡುತ್ತದೆ, ಜಾವಾ ನ್ಯಾನ್ ಕೊಡುತ್ತದೆ. ಫ್ಲೋಟ್ ಲೆಕ್ಕಗಳ ಐಇಇಇ 754 ಸ್ಟ್ಯಾಂಡರ್ಡ್ ಕೂಡ 2008ರಲ್ಲಿ ಕೊಟ್ಟ ಮಿನ್, ಮ್ಯಾಕ್ಸ್ ವಿವರಣೆಯನ್ನು 2019ರಲ್ಲಿ ಹಿಂದಕ್ಕೆ ಪಡೆದು ಬೇರೆ ಫಂಕ್ಷನ್‌ಗಳನ್ನು ಕೊಡಬೇಕಾಯಿತು: ಮೂರು ಸಂಖ್ಯೆಗಳನ್ನು ಯಾವ ಜೋಡಿಯಿಂದ ಶುರು ಮಾಡುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುವ ಸಂದರ್ಭ ಅದರಲ್ಲಿತ್ತು.

ಇವುಗಳಲ್ಲಿ ಯಾವುದು ಸರಿ ಎಂದು ವಾದಿಸುತ್ತ ಕೂರಬೇಡಿ. ಹೊಸ ಭಾಷೆಗೆ ಅಗ್ಗದ ದಾರಿ ಎಂದರೆ ಸಿ ಭಾಷೆಯ ಸ್ಟ್ಯಾಂಡರ್ಡ್‌ನ ಅನುಬಂಧ ಎಫ್ ಹೇಳಿದ್ದನ್ನು ಹಾಗೆಯೇ ತೆಗೆದುಕೊಳ್ಳುವುದು. ಬಹುಪಾಲು ಯಂತ್ರಗಳಲ್ಲಿ ನಿಮ್ಮ ಲೈಬ್ರರಿ ಕೊನೆಗೆ ಕರೆಯುವುದು ಸಿಯ ಗಣಿತ ಲೈಬ್ರರಿಯನ್ನೇ. ಎರಡರ್ಥ ಇರುವ ಕಡೆ ಮಾತ್ರ ಎರಡು ಹೆಸರು ಕೊಡಿ: ಸೊನ್ನೆಯ ಕಡೆಗೆ ಕತ್ತರಿಸುವ ಶೇಷ ಒಂದು, ಕೆಳಗಿನ ಕಡೆಗೆ ಕತ್ತರಿಸುವ ಶೇಷ ಇನ್ನೊಂದು.

ಒಂದು ಫಂಕ್ಷನ್ನಿನ ಕರಾರು ಪೂರ್ತಿಯಾಗಿ ಹೇಗಿರಬೇಕೆಂದು ಹೈಪಾಟ್ ಇಟ್ಟುಕೊಂಡು ನೋಡೋಣ. ಎಕ್ಸ್, ವೈ ಕೊಟ್ಟರೆ ಅವುಗಳ ವರ್ಗಗಳ ಮೊತ್ತದ ವರ್ಗಮೂಲ. ಒಂದೇ ಸಾಲಿನ ಕೋಡ್ ಎಂದು ಕಾಣುತ್ತದೆ. ಆದರೆ 3×10²⁰⁰ ಮತ್ತು 4×10²⁰⁰ ಕೊಟ್ಟರೆ ವರ್ಗವೇ 10⁴⁰⁰ರ ಹತ್ತಿರ ಹೋಗುತ್ತದೆ, ಡಬಲ್‌ನ ಮಿತಿ ಸುಮಾರು 1.8×10³⁰⁸. ಉತ್ತರ ಅನಂತ ಎಂದು ಬರುತ್ತದೆ. ನಿಜವಾದ ಉತ್ತರ 5×10²⁰⁰, ಡಬಲ್‌ನಲ್ಲಿ ಆರಾಮಾಗಿ ಕೂರುವ ಸಂಖ್ಯೆ. 3×10⁻²⁰⁰ ಮತ್ತು 4×10⁻²⁰⁰ ಕೊಟ್ಟರೆ ಉಲ್ಟಾ, ಉತ್ತರ ಸೊನ್ನೆ. ಕರಾರಿನಲ್ಲಿ ಹೀಗೆ ಬರೆಯಿರಿ: ಎರಡರಲ್ಲಿ ಯಾವುದಾದರೂ ಅನಂತವಾದರೆ ಉತ್ತರ ಧನ ಅನಂತ, ಇನ್ನೊಂದು ನ್ಯಾನ್ ಆಗಿದ್ದರೂ ಸರಿ. (ಆ ನ್ಯಾನ್ ಜಾಗದಲ್ಲಿ ಯಾವ ಸಂಖ್ಯೆ ಇದ್ದರೂ ಉತ್ತರ ಬದಲಾಗುತ್ತಿರಲಿಲ್ಲ, ಅದಕ್ಕೆ.) ಅನಂತ ಇಲ್ಲದೆ ನ್ಯಾನ್ ಇದ್ದರೆ ಉತ್ತರ ನ್ಯಾನ್. ಒಂದು ಸೊನ್ನೆಯಾದರೆ ಇನ್ನೊಂದರ ನಿರಪೇಕ್ಷ ಬೆಲೆ. ಎಕ್ಸ್, ವೈ ಜಾಗ ಬದಲಿಸಿದರೂ, ಚಿಹ್ನೆ ಬದಲಿಸಿದರೂ ಉತ್ತರ ಬಿಟ್‌ಗೆ ಬಿಟ್ ಅದೇ. ನಿಜವಾದ ಉತ್ತರ ಡಬಲ್‌ನಲ್ಲಿ ಹಿಡಿಸುವಂತಿದ್ದರೆ ನಡುವಿನ ಲೆಕ್ಕದಲ್ಲಿ ಉಕ್ಕುವಂತಿಲ್ಲ, ಇಂಗುವಂತಿಲ್ಲ. ದೋಷ 2 ಯುಎಲ್‌ಪಿ ಒಳಗೆ. ಯುಎಲ್‌ಪಿ ಎಂದರೆ ಆ ಉತ್ತರದ ಆಸುಪಾಸಿನಲ್ಲಿ ಪಕ್ಕಪಕ್ಕದ ಎರಡು ಫ್ಲೋಟ್‌ಗಳ ನಡುವಿನ ಅಂತರ.

ಇದನ್ನು ಪೂರೈಸಲು, ದೊಡ್ಡ ಸಂಖ್ಯೆಯ ಗಾತ್ರ 2⁵⁰⁰ ಮೀರಿದರೆ ಎರಡನ್ನೂ 2⁻⁶⁰⁰ರಿಂದ ಗುಣಿಸಿ, 2⁻⁴⁵⁰ಕ್ಕಿಂತ ಕಡಿಮೆಯಾದರೆ 2⁶⁰⁰ರಿಂದ ಗುಣಿಸಿ, ಮೂಲ ತೆಗೆದ ಮೇಲೆ ಅದನ್ನು ತಿರುಗಿಸಿ. ಎರಡರಲ್ಲಿ ದೊಡ್ಡದರಿಂದಲೇ ಭಾಗಿಸುವ ಹಳೆಯ ಉಪಾಯ ಬೇಡ. ಆ ಭಾಗಾಕಾರ ತನ್ನದೇ ರೌಂಡಿಂಗ್ ದೋಷ ಸೇರಿಸುತ್ತದೆ, 2ರ ಘಾತದ ಗುಣಾಕಾರ ಏನನ್ನೂ ಕೆಡಿಸುವುದಿಲ್ಲ. ಟೆಸ್ಟ್‌ಗೆ ಮೇಲಿನ ಎರಡು ಜೋಡಿಗಳ ಜೊತೆ ಇದನ್ನೂ ಸೇರಿಸಿ: ಅತ್ಯಂತ ಚಿಕ್ಕ ಧನ ಡಬಲ್ ಆದ 2⁻¹⁰⁷⁴ರ 3 ಪಟ್ಟು ಮತ್ತು 4 ಪಟ್ಟು. ಉತ್ತರ ಕರಾರುವಾಕ್ಕಾಗಿ 5 ಪಟ್ಟು ಬರಬೇಕು.

ಪ್ರತಿ ಫಂಕ್ಷನ್‌ಗೂ ಇಂಥ ಒಂದು ಪುಟ ಬೇಕು. 40 ಫಂಕ್ಷನ್‌ಗಳಿಗೆ 40 ಪುಟ. ಬೇಸರದ ಕೆಲಸ, ಆದರೆ ಸ್ಟ್ಯಾಂಡರ್ಡ್ ಎಂದರೆ ಆ 40 ಪುಟಗಳೇ.

ಎಲ್ಲ ಯಂತ್ರಗಳಲ್ಲೂ ಒಂದೇ ಉತ್ತರ?

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಫಂಕ್ಷನ್ನಿನ ಮೇಲೆ ನಿಂತಿದೆ. ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲ ಇವುಗಳ ಉತ್ತರ ಸರಿಯಾಗಿ ರೌಂಡ್ ಆಗಲೇಬೇಕೆಂದು ಐಇಇಇ 754 ಮೊದಲ ಆವೃತ್ತಿಯಲ್ಲೇ, 1985ರಲ್ಲೇ ಹೇಳಿದೆ. ಗುಣಿಸಿ ಕೂಡುವುದನ್ನು ಒಂದೇ ರೌಂಡಿಂಗ್‌ನಲ್ಲಿ ಮಾಡುವ ಎಫ್‌ಎಂಎ 2008ರಲ್ಲಿ ಸೇರಿತು. ಇವು ಎಲ್ಲೆಡೆ ಬಿಟ್‌ಗೆ ಬಿಟ್ ಒಂದೇ ಇರಲಿ ಎಂದು ನೀವು ಧೈರ್ಯವಾಗಿ ನಿಯಮ ಮಾಡಬಹುದು. ಸೈನ್, ಎಕ್ಸ್‌ಪ್, ಲಾಗ್, ಪವರ್ ಇವುಗಳಿಗೆ ಅದು ಬರೀ ಶಿಫಾರಸು. ಕಾರಣ, ನಿಜವಾದ ಉತ್ತರ ಎರಡು ಫ್ಲೋಟ್‌ಗಳ ನಟ್ಟನಡುವಿಗೆ ಎಷ್ಟು ಹತ್ತಿರ ಬೀಳುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. 53 ಬಿಟ್‌ನ ಉತ್ತರವನ್ನು ಸರಿಯಾಗಿ ರೌಂಡ್ ಮಾಡಲು ಕೆಲವು ಇನ್‌ಪುಟ್‌ಗಳಲ್ಲಿ ಸುಮಾರು 120 ಬಿಟ್‌ವರೆಗೆ ಲೆಕ್ಕ ಹಾಕಬೇಕಾಗುತ್ತದೆ. ಹಿಂದೆ ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಇದನ್ನು ಪ್ರಯತ್ನಿಸಿ, ಅಂಥ ಇನ್‌ಪುಟ್ ಬಂದಾಗ ವಿಪರೀತ ನಿಧಾನವಾಗುತ್ತಿತ್ತು, 2018ರ 2.28ನೇ ಆವೃತ್ತಿಯಲ್ಲಿ ಆ ನಿಧಾನದ ದಾರಿಗಳನ್ನು ಕಿತ್ತುಹಾಕಿದರು. ಈಗ ಗಾಳಿ ಮತ್ತೆ ತಿರುಗಿದೆ. ಸರಿಯಾಗಿ ರೌಂಡ್ ಆಗುವ, ಆದರೂ ವೇಗವಾದ ಕೋಡ್ ಕೋರ್-ಮ್ಯಾಥ್ ಯೋಜನೆಯಿಂದ ಬರುತ್ತಿದೆ. ಗ್ಲಿಬ್‌ಸಿ 2.41 ಅದರ ಹಲವು 32 ಬಿಟ್ ಫಂಕ್ಷನ್‌ಗಳನ್ನು ಒಳಗೆ ತೆಗೆದುಕೊಂಡಿದೆ. ಸಿ ಸ್ಟ್ಯಾಂಡರ್ಡ್‌ನ ಸಿ23 ಆವೃತ್ತಿ ಅಂಥ ಫಂಕ್ಷನ್‌ಗಳಿಗೆ ಪ್ರತ್ಯೇಕ ಹೆಸರುಗಳನ್ನೂ ಕಾದಿರಿಸಿದೆ.

ಆದ್ದರಿಂದ ಮೂರು ಅಂತಸ್ತು ಮಾಡಿ. ಕೆಳಗಿನದು ಮೂಲ ಕ್ರಿಯೆಗಳು, ಬಿಟ್‌ಗೆ ಬಿಟ್ ಒಂದೇ. ನಡುವಿನದು ಸಾಮಾನ್ಯ ಫಂಕ್ಷನ್‌ಗಳು, ಅಂಚಿನ ಬೆಲೆಗಳು ಖಚಿತ, ಉಳಿದಲ್ಲಿ ಯುಎಲ್‌ಪಿ ಮಿತಿ. ಮೂರನೆಯದು ಅದೇ ಹೆಸರುಗಳ ಪ್ರತ್ಯೇಕ ಮಾಡ್ಯೂಲ್. ಅದರ ಉತ್ತರ ಎಲ್ಲೆಡೆ ಒಂದೇ, ಸ್ವಲ್ಪ ನಿಧಾನವಾದರೂ ಪರವಾಗಿಲ್ಲ. ಜಾವಾ ಮಾಡಿದ್ದು ಇದನ್ನೇ: ಮ್ಯಾಥ್ ಮತ್ತು ಸ್ಟ್ರಿಕ್ಟ್‌ಮ್ಯಾಥ್ ಎಂಬ ಎರಡು ಕ್ಲಾಸ್, ಎರಡನೆಯದು ಎಫ್‌ಡಿಲಿಬ್‌ಎಂ ಎಂಬ ಸಿ ಗಣಿತ ಲೈಬ್ರರಿ ಕೊಡುವ ಉತ್ತರವನ್ನೇ ಕೊಡಬೇಕು. ನಡುವಿನ ಅಂತಸ್ತಿನ ಮಿತಿಗಳಿಗೆ ಓಪನ್‌ಸಿಎಲ್‌ನ ಕೋಷ್ಟಕ ನೋಡಿ. 32 ಬಿಟ್‌ನಲ್ಲಿ ಎಕ್ಸ್‌ಪ್‌ಗೆ 3 ಯುಎಲ್‌ಪಿ, ಸೈನ್‌ಗೆ 4, ಪವರ್‌ಗೆ 16. ಅದು ಗ್ರಾಫಿಕ್ಸ್ ಚಿಪ್‌ಗಳಿಗಾಗಿ ಸಡಿಲ ಬಿಟ್ಟ ಮಿತಿ. ಸಾಮಾನ್ಯ ಪ್ರೊಸೆಸರ್‌ನಲ್ಲಿ ಎಕ್ಸ್‌ಪ್, ಲಾಗ್, ಸೈನ್, ಕಾಸ್, ಪವರ್‌ಗೆ 1 ಯುಎಲ್‌ಪಿ ಕೇಳಿದರೆ ಅತಿಯಾಗುವುದಿಲ್ಲ. ಗಾಮಾ ಫಂಕ್ಷನ್‌ಗೆ ಅಷ್ಟು ಬಿಗಿ ಮಾಡಿದರೆ ಯಾರೂ ಪೂರೈಸುವುದಿಲ್ಲ.

ಮಿತಿ ಯಾವ ವ್ಯಾಪ್ತಿಗೆ ಎಂಬುದನ್ನೂ ಬರೆಯಿರಿ, ಏಕೆಂದರೆ ದೊಡ್ಡ ಕೋನಗಳಲ್ಲಿ ಲೈಬ್ರರಿಗಳು ಸದ್ದಿಲ್ಲದೆ ಕೈಬಿಡುತ್ತವೆ. 10²² ಎಂಬುದು ಡಬಲ್‌ನಲ್ಲಿ ಸ್ವಲ್ಪವೂ ತಪ್ಪಿಲ್ಲದೆ ಕೂರುವ ಸಂಖ್ಯೆ. ಅದರ ಸೈನ್ −0.8522008497671888. ಇದನ್ನು ಪಡೆಯಲು ಮೊದಲು π/2ರ ಎಷ್ಟನೆಯ ಪಟ್ಟು ಎಂದು ಕಳೆಯಬೇಕು, ಅದಕ್ಕೆ 53 ಬಿಟ್‌ನ π ಸಾಲದು. ಡಬಲ್‌ನ ಪೂರ್ತಿ ವ್ಯಾಪ್ತಿಗೆ 2/πನ 1100ಕ್ಕೂ ಹೆಚ್ಚು ಬಿಟ್‌ಗಳನ್ನು ಕೋಷ್ಟಕವಾಗಿ ಇಟ್ಟುಕೊಂಡು, ಬೇಕಾದ ತುಂಡನ್ನು ಮಾತ್ರ ಗುಣಿಸುತ್ತಾರೆ. ಪೇನ್ ಮತ್ತು ಹ್ಯಾನೆಕ್ 1983ರಲ್ಲಿ ಕೊಟ್ಟ ವಿಧಾನ ಇದು. ಇಂಟೆಲ್‌ನ ಹಳೆಯ ಎಕ್ಸ್87 ಸೈನ್ ಇನ್‌ಸ್ಟ್ರಕ್ಷನ್ ಒಳಗೆ 66 ಬಿಟ್‌ನ π ಮಾತ್ರ ಇದೆ, ಹಾಗಾಗಿ πಯ ಹತ್ತಿರದ ಕೋನಗಳಲ್ಲೇ ಅದರ ಉತ್ತರದ ಹಲವು ಅಂಕಿಗಳು ಕೆಡುತ್ತವೆ. ಅದನ್ನು ನೇರವಾಗಿ ಕರೆಯುವ ಲೈಬ್ರರಿ ನಿಮ್ಮ ಐದರಲ್ಲಿದ್ದರೆ ಮೊದಲು ಅದನ್ನು ಸರಿಪಡಿಸಿ.

ಇದಕ್ಕೆ ಅಂಟಿದ ಇನ್ನೊಂದು ಮಾತು. πಯ ಸೈನ್ ಸೊನ್ನೆ ಬರುತ್ತಿಲ್ಲ, 1.2246467991473532×10⁻¹⁶ ಬರುತ್ತಿದೆ ಎಂದು ಬಗ್ ದೂರುಗಳು ಬರುತ್ತವೆ. ಉತ್ತರ ಸರಿಯೇ ಇದೆ. ನೀವು ಕೊಟ್ಟದ್ದು π ಅಲ್ಲ, πಗೆ ಹತ್ತಿರದ ಡಬಲ್. ಅಂಥವರಿಗಾಗಿ ಕೋನವನ್ನು πಯ ಪಟ್ಟಿನಲ್ಲಿ ಪಡೆಯುವ ಸೈನ್‌ಪೈ, ಕಾಸ್‌ಪೈ ಇಡಿ. ಸೈನ್‌ಪೈಗೆ 1 ಕೊಟ್ಟರೆ ಖಚಿತ ಸೊನ್ನೆ. ಎಕ್ಸ್‌ಪ್ ತೆಗೆದು 1 ಕಳೆಯುವ ಎಕ್ಸ್‌ಪಿಎಂ1, 1 ಕೂಡಿ ಲಾಗ್ ತೆಗೆಯುವ ಲಾಗ್1ಪಿ ಕೂಡ ಇದೇ ಜಾತಿಯವು, ಅಲಂಕಾರಕ್ಕಲ್ಲ. 10⁻¹⁰ರ ಎಕ್ಸ್‌ಪ್ ತೆಗೆದು 1 ಕಳೆದರೆ 1.000000082740371×10⁻¹⁰ ಬರುತ್ತದೆ. ನಿಜವಾದದ್ದು 1.00000000005×10⁻¹⁰. ಎಂಟನೆಯ ಅಂಕಿಯಿಂದಾಚೆಗೆ ಎಲ್ಲವೂ ಕಸ.

ಕಂಪೈಲರ್ ಮಾಡುವ ಕಿತಾಪತಿ

ಲಿನಕ್ಸ್ ಮತ್ತು ವಿಂಡೋಸ್‌ನ ಕೊನೆಯ ಅಂಕಿ ಬೇರೆಯಾಗುವುದಕ್ಕೆ ಒಂದು ಕಾರಣ ಎರಡರ ಸಿ ಲೈಬ್ರರಿ ಬೇರೆ. ಇನ್ನೊಂದು ಕಾರಣ ನಿಮ್ಮದೇ ಕಂಪೈಲರ್. ಎ·ಎ − ಬಿ·ಬಿ ಎಂದು ಬರೆದಿದ್ದೀರಿ, ಎ ಮತ್ತು ಬಿ ಸಮ. ಉತ್ತರ ಸೊನ್ನೆ ಬರಬೇಕು. ಎಫ್‌ಎಂಎ ಇರುವ ಚಿಪ್‌ನಲ್ಲಿ ಕಂಪೈಲರ್ ಮೊದಲ ಗುಣಾಕಾರವನ್ನು ಕಳೆಯುವುದರ ಜೊತೆ ಬೆಸೆಯುತ್ತದೆ. ಆಗ ಬಿ·ಬಿ ರೌಂಡ್ ಆಗಿರುತ್ತದೆ, ಎ·ಎ ಆಗಿರುವುದಿಲ್ಲ. ಉಳಿಯುವುದು ಆ ರೌಂಡಿಂಗ್‌ನ ಪುಡಿ, ಅದು ಋಣವೂ ಇರಬಹುದು. ಅದರ ವರ್ಗಮೂಲ ತೆಗೆದಿರಾದರೆ ನ್ಯಾನ್. ಬೆಸೆಯುವುದನ್ನು ಭಾಷೆಯ ಮಟ್ಟದಲ್ಲೇ ನಿಷೇಧಿಸಿ. ಬೇಕಾದವರು ಎಫ್‌ಎಂಎ ಎಂದು ಹೆಸರಿಟ್ಟು ಕರೆಯಲಿ. ಫಾಸ್ಟ್-ಮ್ಯಾಥ್ ಆಯ್ಕೆಯನ್ನಂತೂ ಲೈಬ್ರರಿ ಕಟ್ಟುವಾಗ ಮುಟ್ಟಲೇಬೇಡಿ: ನ್ಯಾನ್ ಎಂಬುದೇ ಇಲ್ಲವೆಂದು ಅದು ಊಹಿಸಿಕೊಂಡು, ನ್ಯಾನ್ ಹೌದೇ ಎಂದು ಕೇಳುವ ಸಾಲುಗಳನ್ನು ಅಳಿಸಿಹಾಕುತ್ತದೆ.

ಕೂಡುವ ಕ್ರಮವೂ ಹಾಗೆಯೇ. 10¹⁶, 1, −10¹⁶ ಇವನ್ನು ಇದೇ ಕ್ರಮದಲ್ಲಿ ಕೂಡಿದರೆ 0, ಒಂದನ್ನು ಕೊನೆಗೆ ಕೂಡಿದರೆ 1. ನಾಲ್ಕು ಥ್ರೆಡ್‌ಗೆ ಹಂಚಿದಾಗ ಒಂದು ಉತ್ತರ, ಎಂಟಕ್ಕೆ ಹಂಚಿದಾಗ ಇನ್ನೊಂದು ಉತ್ತರ ಬರುವುದು ಸಹಜ. ಅರೇ ಮೊತ್ತದ ಕರಾರಿನಲ್ಲಿ ಕ್ರಮವನ್ನು ಕಟ್ಟಬೇಡಿ, ದೋಷದ ಮಿತಿಯನ್ನು ಕಟ್ಟಿ. ಜೊತೆಗೆ ಪೈಥಾನ್‌ನ ಎಫ್‌ಸಮ್‌ನಂತೆ, ಯಾವ ಕ್ರಮದಲ್ಲಿ ಕೊಟ್ಟರೂ ಸರಿಯಾಗಿ ರೌಂಡ್ ಆದ ಮೊತ್ತ ಕೊಡುವ ಫಂಕ್ಷನ್ ಒಂದು ಪ್ರತ್ಯೇಕ ಇರಲಿ.

−1ರ ವರ್ಗಮೂಲ ಕೇಳಿದರೆ ನ್ಯಾನ್ ಕೊಡಬೇಕೋ ಎಕ್ಸೆಪ್ಷನ್ ಎಸೆಯಬೇಕೋ? ನ್ಯಾನ್ ಕೊಡಿ. ಹತ್ತು ಲಕ್ಷ ಅಂಶಗಳ ಅರೇಯಲ್ಲಿ ಒಂದು ಕೆಟ್ಟಿತೆಂದು ಉಳಿದ ಲೆಕ್ಕವೆಲ್ಲ ನಿಲ್ಲಬಾರದು. ಸಿಯ ಎರ್‌ನೋ ಪದ್ಧತಿಯನ್ನೂ ತರಬೇಡಿ. ಪ್ರತಿ ಕರೆಯೂ ಒಂದು ಹೊರಗಿನ ವೇರಿಯಬಲ್‌ಗೆ ಬರೆಯಬಹುದು ಎಂದಾದರೆ ಕಂಪೈಲರ್‌ಗೆ ಒಂದೇ ಇನ್‌ಸ್ಟ್ರಕ್ಷನ್ನಿನ ವರ್ಗಮೂಲವನ್ನೂ ಸರಾಗವಾಗಿ ವೆಕ್ಟರ್ ಮಾಡಲಾಗುವುದಿಲ್ಲ.

ರ್ಯಾಂಡಮ್ ಸಂಖ್ಯೆಗಳು

ಇದನ್ನು ಗಣಿತ ಲೈಬ್ರರಿಯಿಂದ ಬೇರೆಯೇ ಆವೃತ್ತಿಯಲ್ಲಿ ಇಡಿ. ಸಿ++ ಅರ್ಧ ಸರಿ ಮಾಡಿತು. ಅದರ ಎಂಟಿ19937 ಜನರೇಟರನ್ನು ಸೀಡ್ (ಸರಣಿಯನ್ನು ಶುರು ಮಾಡುವ ಸಂಖ್ಯೆ) ಬದಲಿಸದೆ ಕರೆದರೆ 10,000ನೆಯ ಸಂಖ್ಯೆ 4123659995 ಬರಬೇಕೆಂದು ಸ್ಟ್ಯಾಂಡರ್ಡ್‌ನಲ್ಲೇ ಬರೆದಿದೆ. ಇದಕ್ಕಿಂತ ಚೊಕ್ಕ ಟೆಸ್ಟ್ ಇಲ್ಲ. ಆದರೆ ಆ ಸಂಖ್ಯೆಗಳಿಂದ ನಾರ್ಮಲ್ ಹಂಚಿಕೆ ಮಾಡುವ ಆಲ್ಗರಿದಮ್ ಯಾವುದೆಂದು ಬರೆಯಲಿಲ್ಲ. ಹಾಗಾಗಿ ಒಂದೇ ಸೀಡ್‌ಗೆ ಎರಡು ಕಂಪೈಲರ್‌ನಲ್ಲಿ ಬೇರೆ ಬೇರೆ ಸಿಮ್ಯುಲೇಷನ್. ಗೋ ಭಾಷೆಯದು ಇನ್ನೊಂದು ತುದಿ: ಸೀಡ್ ಕೊಟ್ಟಾಗಿನ ಸರಣಿಯನ್ನು ಬದಲಿಸುವಂತಿಲ್ಲವಾಗಿ, ಹೊಸ ಜನರೇಟರ್ ತರಲು 2024ರಲ್ಲಿ ಎರಡನೇ ಪ್ಯಾಕೇಜನ್ನೇ ಮಾಡಬೇಕಾಯಿತು. ಜನರೇಟರ್‌ಗೂ ಹಂಚಿಕೆಗೂ ಆಲ್ಗರಿದಮ್ಮಿನ ಹೆಸರನ್ನೇ ಇಡಿ. "ಡೀಫಾಲ್ಟ್" ಎಂಬ ಹೆಸರಿನದ್ದಕ್ಕೆ ಮಾತ್ರ ಯಾವ ಸರಣಿಯ ಖಾತರಿಯೂ ಇಲ್ಲ ಎಂದು ಬರೆಯಿರಿ.

ಸೊನ್ನೆಯಿಂದ ಒಂದರೊಳಗಿನ ಡಬಲ್ ಬೇಕಾದಾಗ 64 ಬಿಟ್ ಪೂರ್ಣಾಂಕವನ್ನು 2⁶⁴ರಿಂದ ಭಾಗಿಸುವ ಕೋಡ್ ಬಹಳ ಕಡೆ ಇರುತ್ತದೆ. ತುಂಬ ದೊಡ್ಡ ಪೂರ್ಣಾಂಕ ಬಂದಾಗ ಅದು ರೌಂಡ್ ಆಗಿ ಸರಿಯಾಗಿ 1.0 ಕೊಡುತ್ತದೆ, ಅದನ್ನು ಸೂಚ್ಯಂಕವಾಗಿ ಬಳಸಿದವರ ಅರೇ ಗಡಿ ದಾಟುತ್ತದೆ. ಮೇಲಿನ 53 ಬಿಟ್ ಮಾತ್ರ ತೆಗೆದು 2⁻⁵³ರಿಂದ ಗುಣಿಸಿ.

ಅಂಕಿಅಂಶದ ಫಂಕ್ಷನ್‌ಗಳನ್ನು ಮೊದಲ ಆವೃತ್ತಿಯಲ್ಲಿ ಮುಟ್ಟಬೇಡಿ ಎನ್ನುತ್ತೇನೆ. ಮುಟ್ಟಲೇಬೇಕಾದರೆ ಡೀಫಾಲ್ಟ್ ಇಲ್ಲದಂತೆ ಮಾಡಿ. ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ ನಂಪೈ ಎನ್‌ನಿಂದ ಭಾಗಿಸುತ್ತದೆ, ಆರ್ ಭಾಷೆ ಎನ್−1ರಿಂದ. ಕ್ವಾಂಟೈಲ್‌ಗೆ ಆರ್ ಒಂದರಲ್ಲೇ ಒಂಬತ್ತು ವಿಧಗಳಿವೆ. ಬೆಸೆಲ್ ಮುಂತಾದ ವಿಶೇಷ ಫಂಕ್ಷನ್‌ಗಳಿಗೂ ಇದೇ ಮಾತು: ಸಿ++17 ಅವನ್ನು ಸ್ಟ್ಯಾಂಡರ್ಡ್‌ಗೆ ಸೇರಿಸಿದ ಎಷ್ಟೋ ವರ್ಷಗಳ ನಂತರವೂ ಒಂದು ಪ್ರಮುಖ ಲೈಬ್ರರಿಯಲ್ಲಿ ಅವು ಪೂರ್ತಿ ಬಂದಿರಲಿಲ್ಲ. ಯಾವ ಫಂಕ್ಷನ್ನೇ ಆಗಲಿ, ಒಬ್ಬರನ್ನೊಬ್ಬರು ನೋಡದೆ ಬರೆದ ಎರಡು ಲೈಬ್ರರಿಗಳು ಒಂದೇ ಟೆಸ್ಟ್ ಫೈಲನ್ನು ಪಾಸಾಗುವವರೆಗೆ ಪ್ರಾಯೋಗಿಕ ಹೆಸರಿನಡಿಯಲ್ಲೇ ಇರಲಿ.

ಟೆಸ್ಟ್ ಫೈಲ್

ಕರಾರಿನ ಜೊತೆ ಪ್ರಕಟವಾಗಬೇಕಾದ ಇನ್ನೊಂದು ವಸ್ತು ಇದೇ, ಯಾವ ಭಾಷೆಯಿಂದಲಾದರೂ ಓದಬಹುದಾದ ಸಾದಾ ಪಠ್ಯ. ಸಾಲಿಗೊಂದು ಇನ್‌ಪುಟ್, ಹತ್ತಿರದ ಸರಿ ಉತ್ತರ, ಮಿತಿ. ಸಂಖ್ಯೆಗಳನ್ನು ಹೆಕ್ಸ್ ರೂಪದಲ್ಲಿ ಬರೆಯಿರಿ. ದಶಮಾಂಶದಲ್ಲೇ ಬರೆಯುವುದಾದರೆ ಡಬಲ್‌ಗೆ 17 ಅಂಕಿ, 32 ಬಿಟ್ ಫ್ಲೋಟ್‌ಗೆ 9 ಅಂಕಿ ಬೇಕು. ಒಂದು ಅಂಕಿ ಕಡಿಮೆಯಾದರೂ ಕೆಲವು ಸಂಖ್ಯೆಗಳು ಓದಿದಾಗ ಪಕ್ಕದ ಫ್ಲೋಟ್ ಆಗಿ ಬರುತ್ತವೆ, ನಿಮ್ಮ ಟೆಸ್ಟ್ ತಪ್ಪು ಪ್ರಶ್ನೆ ಕೇಳಿದಂತಾಗುತ್ತದೆ. ಸರಿ ಉತ್ತರವನ್ನು ಬೇಕಾದಷ್ಟು ಬಿಟ್‌ಗಳಲ್ಲಿ ಲೆಕ್ಕ ಹಾಕುವ ಎಂಪಿಎಫ್‌ಆರ್ ಲೈಬ್ರರಿಯಲ್ಲಿ 200 ಬಿಟ್ ಇಟ್ಟು ತೆಗೆಯಿರಿ.

32 ಬಿಟ್‌ನಲ್ಲಿ ಒಂದು ಆರ್ಗ್ಯುಮೆಂಟಿನ ಫಂಕ್ಷನ್‌ಗೆ ಇರುವುದು 2³², ಅಂದರೆ ಸುಮಾರು 429 ಕೋಟಿ ಇನ್‌ಪುಟ್. ಸೆಕೆಂಡಿಗೆ 10 ಲಕ್ಷ ಪರೀಕ್ಷಿಸಿದರೂ 72 ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಸ್ಯಾಂಪಲ್ ತೆಗೆಯುವ ಅಗತ್ಯವೇ ಇಲ್ಲ. ಡಬಲ್‌ಗೆ ಅದು ಆಗದು. ಅಲ್ಲಿ 0ಯಿಂದ 1ರ ನಡುವೆ ಸಮನಾಗಿ ಹಂಚಿದ ಸಂಖ್ಯೆಗಳನ್ನು ಕೊಟ್ಟರೆ ಅರ್ಧದಷ್ಟು ಸಂಖ್ಯೆಗಳು ಒಂದೇ ಎಕ್ಸ್‌ಪೊನೆಂಟ್‌ನಲ್ಲಿ ಬೀಳುತ್ತವೆ, ತೀರಾ ಚಿಕ್ಕವು ಬರುವುದೇ ಇಲ್ಲ. 64 ರ್ಯಾಂಡಮ್ ಬಿಟ್‌ಗಳನ್ನೇ ತೆಗೆದು ಅದನ್ನು ಡಬಲ್ ಎಂದು ಓದಿ. ಎಲ್ಲ ಗಾತ್ರದವೂ ಸಮನಾಗಿ ಬರುತ್ತವೆ. ಅದರ ಮೇಲೆ ±0, ±ಅನಂತ, ನ್ಯಾನ್, ಅತಿ ಚಿಕ್ಕ ಮತ್ತು ಅತಿ ದೊಡ್ಡ ಡಬಲ್, ಪ್ರತಿ ಶಾಖೆಯ ಗಡಿಯ ಎರಡೂ ಬದಿಯ ಫ್ಲೋಟ್‌ಗಳನ್ನು ಕೈಯಾರೆ ಸೇರಿಸಿ. −0 ಬಂತೋ 0 ಬಂತೋ ಎಂದು ಸಮ ಚಿಹ್ನೆಯಿಂದ ಹೋಲಿಸಿದರೆ ಗೊತ್ತಾಗುವುದಿಲ್ಲ, ಎರಡೂ ಸಮವೆಂದೇ ಹೇಳುತ್ತದೆ; ಬಿಟ್‌ಗಳನ್ನೇ ಹೋಲಿಸಿ. ನ್ಯಾನ್‌ಗೆ ಇದರ ಉಲ್ಟಾ: ನ್ಯಾನ್‌ನ ಬಿಟ್‌ಗಳು ಯಂತ್ರದಿಂದ ಯಂತ್ರಕ್ಕೆ ಬೇರೆಯಿರುತ್ತವೆ, ಅಲ್ಲಿ ನ್ಯಾನ್ ಹೌದೇ ಎಂದಷ್ಟೇ ಕೇಳಿ.